ಹಂಡೆಯ ಕೆಳಗೆ ಉರಿದ ಕಾವಲು

ಒಂದು ಹುಲ್ಲುಗಾವಲು ಇಡೀ ಮಳೆಗಾಲ ದುಡಿದು ಮಣ್ಣಿನೊಳಗೆ ಕೂಡಿಟ್ಟಿದ್ದನ್ನು ನಾನು ಒಂದೇ ಬೆಳಗ್ಗೆ ಸುಟ್ಟು, ಆ ಬಿಸಿನೀರಿನಲ್ಲಿ ಎಣ್ಣೆಸ್ನಾನ ಮಾಡಿದ್ದೇನೆ. ಇಂಥ ಕೆಲಸ ಮಾಡಿದ ಮನುಷ್ಯ ಭೂಮಂಡಲದಲ್ಲಿ ನಾನೊಬ್ಬನೇ ಇರಬೇಕು. ಸ್ನಾನ ಮಾತ್ರ ಚೆನ್ನಾಗಿಯೇ ಆಯಿತು. ಬೆನ್ನು ಉಜ್ಜುವವರು ಇರಲಿಲ್ಲ ಅನ್ನುವುದೊಂದೇ ಕೊರತೆ.

ಮೊನ್ನೆ ಕೊರಟಗೆರೆಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಅವಳು ಬದುವಿನಿಂದ ಕಿತ್ತು ಒಣಗಿಸಿದ್ದ ಗರಿಕೆಯ ಬೇರುಜಡ್ಡನ್ನು ಬಚ್ಚಲ ಒಲೆಗೆ ತುರುಕಿದಳು. ಸ್ವಲ್ಪ ಮಣ್ಣು ಸುಟ್ಟ ಹಾಗೆ, ಸ್ವಲ್ಪ ಹಾಲು ಸೀದ ಹಾಗೆ ಒಂದು ವಾಸನೆ ಬಂತು. ನಾನು ಟವಲ್ಲು ಸುತ್ತಿಕೊಂಡೇ ಹಿತ್ತಲಿಗೆ ಓಡಿದೆ. ‘ಏನ್ಲಾ, ಬಚ್ಚಲಾಗೆ ಹಾವು ಬಂತಾ?’ ಅಂದಳು ಅಕ್ಕ. ಹಾವು ಬಂದಿದ್ದರೆ ಪರವಾಗಿರಲಿಲ್ಲ. ಬಂದದ್ದು ಹುಲಿಕುಂಟೆಯ ಆ ವರ್ಷ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮಪ್ಪನದು ಮಧುಗಿರಿಯಲ್ಲಿ ರಾಗಿ, ಹುರುಳಿ, ಕಡಲೆಕಾಯಿಯ ಅಂಗಡಿ. ನಾನು ಸಸ್ಯಶಾಸ್ತ್ರದಲ್ಲಿ ಡಿಗ್ರಿ ಮುಗಿಸಿದ್ದೆ. ಮುಗಿಸಿದ್ದೆ ಅನ್ನುವುದಕ್ಕಿಂತ ಡಿಗ್ರಿಯೇ ನನ್ನಿಂದ ಬೇಸತ್ತು ಮುಗಿದುಹೋಗಿತ್ತು ಅಂದರೆ ಸರಿ. ಅಂಗಡಿಯಲ್ಲಿ ಕೂತು ಗಿರಾಕಿಗಳನ್ನು ನಗಿಸುವುದು, ಅವರು ನಗುತ್ತಿರುವಾಗ ಸೇರಿನ ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಅಳೆಯುವುದು, ಇದು ನನ್ನ ಉದ್ಯೋಗ. ‘ಇವುನ್ನ ಯಾರಾರ ಕರ್ಕಂಡು ಹೋಗ್ರಪ್ಪ, ಸಂಬಳ ನಾನೇ ಕೊಡ್ತೀನಿ’ ಅಂತ ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು.

ಕರೆದುಕೊಂಡು ಹೋದವರು ನನಗೆ ಕಾಲೇಜಿನಲ್ಲಿ ಪಾಠ ಹೇಳಿದ್ದ ಮೇಡಂ. ಅವರು ಹುಲ್ಲಿನ ಮೇಲೆ ಸಂಶೋಧನೆ ಮಾಡುತ್ತಿದ್ದರು. ಶಿರಾ ತಾಲ್ಲೂಕಿನ ಹುಲಿಕುಂಟೆಯಲ್ಲಿ ಒಂದು ರೂಮು ಮಾಡಿಕೊಂಡು ಮಳೆಗಾಲವೆಲ್ಲ ಇದ್ದು ಹುಲ್ಲು ನೋಡಿಕೊಳ್ಳುವವನು ಒಬ್ಬ ಬೇಕಾಗಿತ್ತು. ಹುಲ್ಲು ನೋಡಿಕೊಳ್ಳುವುದು ಅಂದರೆ ಹಸುವಿನ ಕೆಲಸ, ಅಷ್ಟು ನನ್ನ ಕೈಲಿ ಆದೀತು ಅಂದುಕೊಂಡೆ. ಮೊದಲನೇ ದಿನವೇ ಕತ್ತರಿ ತೆಗೆದುಕೊಂಡು, ಅವರು ತೋರಿಸಿದ ಜಾಗದ ಹುಲ್ಲನ್ನು ನಮ್ಮೂರ ಕ್ಷೌರಿಕನಿಗಿಂತ ನೀಟಾಗಿ ಕತ್ತರಿಸಿ ಚೀಲಕ್ಕೆ ತುಂಬಿ, ‘ಆಯ್ತು ಮೇಡಂ’ ಅಂದೆ.

ಮೇಡಂ ಆ ಬೋಳು ನೆಲದ ಹತ್ತಿರ ಕುಕ್ಕರಗಾಲಲ್ಲಿ ಕೂತರು. ‘ಶಿವಲಿಂಗ, ನೀನು ತಲೆಗೂದಲು ಕತ್ತರಿಸಿ ಆಳನ್ನ ತೂಕ ಮಾಡಿದೆ ಅಂತಿದ್ದೀಯ. ಆಳು ಇರೋದು ಕೆಳಗೆ’ ಅಂದರು.

ಆಮೇಲೆ ಅವರು ಹೇಳಿದ್ದು ಪರೀಕ್ಷೆಗೆ ಓದಿದ್ದಕ್ಕಿಂತ ಚೆನ್ನಾಗಿ ನನಗೆ ನೆನಪಿದೆ. ಎಲೆ ಗಾಳಿಯೊಳಗಿನ ಇಂಗಾಲವನ್ನು ಹಿಡಿದು ಗಿಡದ ಮೈ ಮಾಡಿಕೊಳ್ಳುತ್ತದೆ. ಮರ ತನ್ನ ಗಳಿಕೆಯನ್ನು ಕಾಂಡ, ಕೊಂಬೆ ಅಂತ ಮೇಲೆ ಎತ್ತಿ ತೋರಿಸುತ್ತದೆ. ಬಯಲಿನ ಹುಲ್ಲಿಗೆ ಅದು ಆಗದು. ಮೇಲೆ ಬಿಸಿಲು, ದನ, ಕಾಳ್ಗಿಚ್ಚು. ಹಾಗಾಗಿ ಗಳಿಸಿದ್ದರಲ್ಲಿ ಬಹುಪಾಲನ್ನು ಬೇರಿಗೆ ಇಳಿಸುತ್ತದೆ. ಹಳೆ ಬೇರು ಸತ್ತು ಮಣ್ಣಾಗುತ್ತದೆ, ಅದರ ಪಕ್ಕ ಹೊಸ ಬೇರು ಇಳಿಯುತ್ತದೆ. ಹೀಗೆ ತಲೆಮಾರುಗಳ ಗಳಿಕೆ ಕೆಳಗೆ ಕತ್ತಲೆಯಲ್ಲಿ ಕೂಡುತ್ತಾ ಹೋಗುತ್ತದೆ. ನೇಗಿಲು ಹಾಕಿ ಮಗುಚದಿದ್ದರೆ ಅದು ಅಲ್ಲೇ ಇರುತ್ತದೆ, ಮಗುಚಿದರೆ ಮತ್ತೆ ಗಾಳಿಗೇ ಹೋಗುತ್ತದೆ. ‘ಬೇಸಗೇಲಿ ಬಂದು ನೋಡಿದೋರಿಗೆ ಇಲ್ಲಿ ಏನೂ ಕಾಣಿಸಲ್ಲ. ಅದೇ ತೊಂದರೆ’ ಅಂದರು.

ಬೇಸಗೆಯಲ್ಲಿ ಬಂದು ನೋಡಿದವರು ಇದ್ದರು. ಮರ ನೆಡಿಸುವ ಯೋಜನೆಯವರು ಜೀಪಿನಲ್ಲಿ ಬಂದು, ದನ ಮೇಯುವ ಆ ಹುಲ್ಲುಬಯಲಿನಲ್ಲಿ, ಅಲ್ಲಿಯವರು ಕಾವಲು ಅನ್ನುವ ಜಾಗದಲ್ಲಿ, ಕೆಂಪು ನೆಲ, ಒಣಗಿದ ಬುಡಗಳನ್ನು ಕಂಡು, ಪಾಳು ಬಿದ್ದ ಜಾಗ ಅಂತ ತೀರ್ಮಾನಿಸಿ, ಅಲ್ಲಲ್ಲಿ ಸುಣ್ಣ ಬಳಿದ ಕಲ್ಲು ನೆಟ್ಟು ಹೋಗಿದ್ದರು. ಟ್ರಾಕ್ಟರಿನಲ್ಲಿ ಉಳುಮೆ ಮಾಡಿಸಿ ನೀಲಗಿರಿ ಹಾಕುವುದು ಅವರ ಆಲೋಚನೆ. ದೀಪಾವಳಿಯ ನಂತರ ಶಿರಾದಲ್ಲಿ ಸಭೆ. ಹೇಳುವುದಿದ್ದವರು ಅಲ್ಲಿ ಬಂದು ಹೇಳಬಹುದು ಅಂದಿದ್ದರು.

ಅದು ದೇವರೆತ್ತಿನ ಕಾವಲು. ಗೊಲ್ಲರಹಟ್ಟಿಯವರು ದೇವರಿಗೆ ಬಿಟ್ಟ ದನಗಳು ಅಲ್ಲಿ ಮೇಯುತ್ತಿದ್ದವು. ಅವುಗಳಿಗೆ ನೊಗ ಹೂಡುವುದಿಲ್ಲ, ಅವುಗಳ ಹಾಲು ಕರೆದು ಮಾರುವುದಿಲ್ಲ, ಸತ್ತರೆ ಮನುಷ್ಯರಿಗೆ ಮಾಡಿದ ಹಾಗೆ ಮಣ್ಣು ಮಾಡುತ್ತಾರೆ. ಅವನ್ನು ನೋಡಿಕೊಳ್ಳುವವನಿಗೆ ಕಿಲಾರಿ ಅನ್ನುತ್ತಾರೆ. ಅಲ್ಲಿನ ಕಿಲಾರಿ ಜುಂಜಣ್ಣ. ನಡುವಯಸ್ಸು ದಾಟಿದವನು, ಕಂಬಳಿ ಹೆಗಲಿಂದ ಇಳಿದದ್ದನ್ನು ನಾನು ಕಾಣೆ. ಕಾಲಿಗೆ ಚಪ್ಪಲಿ ಮೆಟ್ಟುವಂತಿರಲಿಲ್ಲ. ಆ ಕಾವಲು ಹೋದರೆ ಬೇಸಗೆಯಲ್ಲಿ ದನ ಹೊಡೆದುಕೊಂಡು ಪಾವಗಡದ ಕಡೆ ಕಲ್ಲುಗುಡ್ಡಗಳಿಗೆ ಹೋಗಬೇಕು, ಅಲ್ಲಿಯವರು ಬಿಟ್ಟರೆ ಮೇಯಿಸಬೇಕು. ಬಿಡದಿದ್ದರೆ ಏನು ಅನ್ನುವುದು ಅವನಿಗೂ ಗೊತ್ತಿರಲಿಲ್ಲ.

ಮೇಡಂ ಅವನ ಹತ್ತಿರ ಹೋಗಿ, ಒಂದು ತುಂಡು ಜಾಗವನ್ನು ಮಳೆಗಾಲ ಮುಗಿಯುವವರೆಗೆ ಮೇಯಿಸದೆ ಬಿಟ್ಟರೆ ಕೊನೆಯಲ್ಲಿ ಅಗೆದು ಬೇರು ತೆಗೆದು ಸಭೆಯಲ್ಲಿ ತೋರಿಸುತ್ತೇನೆ ಅಂದರು. ಮೇಲಿನ ಹುಲ್ಲು ಒಂದು ಕಡೆ, ಅದೇ ಹುಲ್ಲಿನ ಬೇರು ಇನ್ನೊಂದು ಕಡೆ ಮೇಜಿನ ಮೇಲಿಟ್ಟರೆ ಸಾಕು, ಕಣ್ಣಿಗೆ ಕಂಡದ್ದನ್ನು ಇಲ್ಲ ಅನ್ನುವವರು ಯಾರು ಅನ್ನುವುದು ಅವರ ನಂಬಿಕೆ.

ಜುಂಜಣ್ಣ ಬಗ್ಗಿ ಒಂದು ಹುಲ್ಲಿನ ಬುಡ ಮುಟ್ಟಿದ. ‘ದೇವರ ಹುಲ್ಲಿಗೆ ಕುಡುಗೋಲು ಇಕ್ಕಲ್ಲ ನಾವು. ಅಗೀತೀನಿ ಅಂತೀರ. ಆಗ್ಲಿ, ದನಗಳಿಗೋಸ್ಕರ ತಾನೇ. ಆದ್ರೆ ಕೇಳ್ರವ್ವಾ, ಬೆಂಕಿಗೆ ಮಾತ್ರ ಬೀಳ್ಬಾರ್ದು. ತೋರ್ಸಾದ ಮ್ಯಾಲೆ ಅದೇ ಗುಂಡಿಗೆ ತಂದು ಹಾಕ್ಬೇಕು.’

ಪ್ರಯೋಗಾಲಯದಲ್ಲಿ ಒಂದು ಚಿಟಿಕೆ ಬೇರನ್ನು ಸುಟ್ಟು ನೋಡುವುದು ಅವರ ವಿದ್ಯೆಯ ನಿಯಮ. ಮೇಡಂ ಅದನ್ನು ಅಲ್ಲೇ ಬಿಟ್ಟುಕೊಟ್ಟರು. ‘ಬಿಸಿಲಲ್ಲೇ ಒಣಗಿಸ್ತೀವಿ. ತೂಕ ಸಾಕು’ ಅಂದರು. ಪಕ್ಕದಲ್ಲಿ ನಿಂತಿದ್ದ ನಾನೂ ಗಂಭೀರವಾಗಿ ತಲೆಯಾಡಿಸಿದೆ.

ಆ ವರ್ಷ ಮಳೆ ತಡವಾಗಿ ಹಿಡಿಯಿತು, ಹಿಡಿದ ಮೇಲೆ ಬಿಡಲಿಲ್ಲ. ಕರಡ, ಹಂಚಿಹುಲ್ಲು ಸೊಂಟದವರೆಗೆ ಬೆಳೆದವು. ಗಾಳಿ ಬಂದಾಗ ಇಡೀ ಬಯಲು ಒಂದು ಕಡೆಗೆ ಮಲಗಿ ಮತ್ತೆ ಏಳುತ್ತಿತ್ತು. ಬಿಟ್ಟ ತುಂಡಿನ ಸುತ್ತ ಜಾಲಿಮುಳ್ಳು ಹಾಕಿದ್ದೆವು. ಎತ್ತುಗಳು ಬೇಲಿಯಾಚೆ ನಿಂತು ಆ ಹುಲ್ಲನ್ನೇ ನೋಡುತ್ತಿದ್ದವು, ಜುಂಜಣ್ಣ ಅವುಗಳ ಮೂತಿ ತಿರುಗಿಸಿ ಹೊಡೆದುಕೊಂಡು ಹೋಗುತ್ತಿದ್ದ. ಕೊಟ್ಟ ಮಾತಿಗೆ ಒಂದು ದಿನವೂ ತಪ್ಪಲಿಲ್ಲ.

ಅಗೆಯುವ ಕೆಲಸ ಆಶ್ವಯುಜದಲ್ಲಿ. ಮಣ್ಣನ್ನು ಪೆಟ್ಟಿಗೆಯ ಹಾಗೆ ಚೌಕವಾಗಿ ಕಡಿದು, ಗೋಣಿಯಲ್ಲಿ ಸುತ್ತಿ ನೀರಿನ ಕುಂಟೆಗೆ ಒಯ್ದು, ಜರಡಿಯಲ್ಲಿಟ್ಟು ನೀರಿನಲ್ಲಿ ಅಲ್ಲಾಡಿಸಬೇಕು. ಮಣ್ಣು ಕರಗಿ ಹೋದ ಮೇಲೆ ಉಳಿಯುವುದೇ ಬೇರು. ನಾನು ಮೊದಲನೇ ಸಲ ಜರಡಿಯನ್ನು ಕುಂಟೆಗೆ ಬಿಟ್ಟೆ. ಎರಡನೇ ಸಲ ನನ್ನನ್ನೇ ಬಿಟ್ಟುಕೊಂಡೆ. ದಡದಲ್ಲಿದ್ದ ಜುಂಜಣ್ಣ ಕೋಲು ಚಾಚಿ ಎಳೆದುಕೊಂಡ.

‘ಏನ್ಲಾ ಸಿವ್ಲಿಂಗ, ಎಮ್ಮೆನಾರ ಮೇಲಕ್ಕೆ ತಾನೇ ಬತ್ತೈತೆ.’

‘ಎಮ್ಮೆಗೆ ಡಿಗ್ರಿ ಇಲ್ಲ ಕಣಣ್ಣ’ ಅಂದೆ.

ಆದರೆ ಆ ಬೇರು ಮೊದಲ ಸಲ ಸ್ವಚ್ಛವಾಗಿ ಜರಡಿಯಲ್ಲಿ ನಿಂತಾಗ ನಾನೂ ತಮಾಷೆ ಬಿಟ್ಟು ಬಗ್ಗಿ ನೋಡಿದೆ. ಒಂದು ಹಿಡಿ ಹುಲ್ಲಿನ ಕೆಳಗಿನಿಂದ ಒಂದು ತಲೆದಿಂಬಿನಷ್ಟು ಬೇರು. ಕೆಲವು ಬೆಳ್ಳಗೆ ನೂಲಿನ ಹಾಗೆ, ಕೆಲವು ಕಂದಾಗಿ ಮುದುಕಿಯ ಕೂದಲಿನ ಹಾಗೆ. ಜುಂಜಣ್ಣ ಬೆರಳು ತೇವ ಮಾಡಿಕೊಂಡು ಅದನ್ನು ಮುಟ್ಟಿ ನೋಡಿದ. ‘ಇಷ್ಟೂ ಕೆಳಗೈತಾ? ನಾನು ಹುಟ್ಟಿದಾಗ್ಲಿಂದ ಇದ್ರ ಮ್ಯಾಲೇ ತಿರುಗಾಡಿವ್ನಿ, ಒಂದ್ಸಲನೂ ನೋಡಿರ್ಲಿಲ್ಲ ಕಣ್ಲಾ’ ಅಂದ. ಅವತ್ತಿನಿಂದ ದಿನಾ ಬಂದು ಕೂರುತ್ತಿದ್ದ. ಸಭೆಗೆ ತಾನೂ ಬರುತ್ತೇನೆ, ತಾನೂ ಒಂದು ಮಾತು ಹೇಳುತ್ತೇನೆ ಅಂತ ಶುರು ಮಾಡಿದ್ದೂ ಅವತ್ತಿನಿಂದಲೇ. ಅವನು ಅಲ್ಲಿಯವರೆಗೆ ಯಾವ ಸಾಹೇಬನ ಮುಂದೆಯೂ ಬಾಯಿ ತೆರೆದವನಲ್ಲ.

ಅಗೆದ ಬೇರನ್ನೆಲ್ಲ ನನ್ನ ರೂಮಿನ ಮಾಳಿಗೆಯ ಮೇಲೆ ಒಣಗಿಸಿ, ಗೋಣಿಚೀಲಗಳಿಗೆ ತುಂಬಿ, ಅಟ್ಟಕ್ಕೆ ಹಾಕಿದೆ. ಅಗೆದ ಮೇಲೆ ಬೇಲಿ ತೆಗೆದೆವು. ಎತ್ತುಗಳು ಆ ತುಂಡನ್ನು ಒಂದೇ ದಿನದಲ್ಲಿ ನೆಕ್ಕಿದ ಹಾಗೆ ಮೇಯ್ದವು. ಮೇಡಂ ‘ಹಬ್ಬ ಕಳೆದ ಮೇಲೆ ಬಂದು ತೂಕ ಮಾಡ್ತೀನಿ. ಚೀಲ ಜೋಪಾನ’ ಅಂತ ಹೇಳಿ ಊರಿಗೆ ಹೋದರು.

ನರಕ ಚತುರ್ದಶಿಯ ಹಿಂದಿನ ದಿನ ಅಕಾಲದ ಮಳೆ. ಹಿತ್ತಲ ಸೌದೆಯೆಲ್ಲ ನೆನೆದು ತೊಪ್ಪೆ. ಮನೆಯ ಒಡತಿ ಗೌರಜ್ಜಿ, ವಿಭೂತಿ ಹಚ್ಚಿಕೊಂಡು ಹಬ್ಬದ ದಿನ ನಸುಕಿನಿಂದ ಒಲೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡಿದ್ದರು. ‘ಹಬ್ಬದ ದಿನ ತಣ್ಣೀರಾಗೆ ಮೀಯೋ ಗತಿ ಬಂತಲ್ಲೋ ಸಿವನೇ’ ಅಂದರು. ನಾನು ತಲೆಗೆ ಎಣ್ಣೆ ಹಚ್ಚಿಕೊಂಡು ನಡುಗುತ್ತಾ ನಿಂತಿದ್ದೆ. ಅಟ್ಟದ ಮೇಲೆ ಒಣಗಿದ ಚೀಲಗಳು. ಒಂದು ಹಿಡಿ, ಕಿಡಿ ಹತ್ತಿಸುವುದಕ್ಕೆ ಒಂದೇ ಒಂದು ಹಿಡಿ. ಅಷ್ಟರಿಂದ ವಿಜ್ಞಾನ ಬಡವಾಗುತ್ತದೆಯೇ?

ಅದು ಉರಿದ ಬಗೆ! ಭಗ್ ಅಂತ ಹತ್ತಿ, ಹಂಡೆಯ ತಳವೆಲ್ಲ ನೆಕ್ಕಿಬಿಟ್ಟಿತು. ಗೌರಜ್ಜಿ ಕೆನ್ನೆಗೆ ಕೈ ಇಟ್ಟುಕೊಂಡರು. ‘ಎಲಾ ಇವನಾ! ಏನ್ ಉರೀತೈತಪ್ಪ ನಿನ್ನ ಕಸ! ನೀನು ಓದಿದ್ದು ಸಾರ್ತಕ ಆಯ್ತು ಕಣೋ.’ ನನ್ನ ಓದು ಸಾರ್ಥಕವಾಯಿತು ಅಂತ ಜೀವಮಾನದಲ್ಲಿ ಒಬ್ಬರು ಅಂದದ್ದು ಅದೇ ಮೊದಲು. ಎರಡನೇ ಹಿಡಿ ಹಾಕಿದೆ. ಅಜ್ಜಿಯ ಹಂಡೆ ಆಯಿತು. ‘ಪಕ್ಕದ ಮನೇರ ಕೂಸು ಸೀತದಾಗೆ ಐತೆ ಕಣಪ್ಪ’ ಅಂದರು, ಕೂಸಿನ ಹಂಡೆ ಆಯಿತು. ಕೂಸಿಗೆ ನೀರು ಕೊಟ್ಟ ಮೇಲೆ ಕೂಸಿನ ಅಪ್ಪನಿಗೆ ಇಲ್ಲ ಅನ್ನುವುದು ಹೇಗೆ? ಬೀದಿಯವರು ಒಬ್ಬೊಬ್ಬರೇ ಬಂದು ‘ಅದೇನೋ ಮಂತ್ರದ ಬೆಂಕಿಯಂತೆ’ ಅಂತ ನೋಡಿದರು. ನಾನು ಒಲೆಯ ಮುಂದೆ ಯಜ್ಞ ಮಾಡುವ ಋಷಿಯ ಹಾಗೆ ಕೂತು ಹಿಡಿ ಹಿಡಿ ಹಾಕಿದೆ. ನಗಿಸಿದೆ, ನಕ್ಕರು. ಕೊನೆಗೆ ನನ್ನ ಸ್ನಾನಕ್ಕೆ ಹಾಕಿದ್ದು ಕೊನೆಯ ಚೀಲ. ಮೈ ಒರೆಸಿಕೊಳ್ಳುವಾಗ ಬಾಗಿಲ ಹತ್ತಿರ ಖಾಲಿ ಗೋಣಿಚೀಲಗಳು ಒಂದರ ಮೇಲೊಂದು ಬಿದ್ದಿದ್ದವು. ಆಗ ನನಗೆ ಬಿಸಿನೀರಿನಲ್ಲಿ ಮಿಂದವನಿಗೆ ಬರಬಾರದಂಥ ಚಳಿ ಬಂತು.

ಮೇಡಂ ಬಂದರು. ನಾನು ಹೇಳಿದೆ. ಅವರು ಬೈಯಲಿಲ್ಲ. ಖಾಲಿ ಚೀಲವೊಂದನ್ನು ತೆಗೆದು ಅದರ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ನಾಲ್ಕು ಎಳೆಯನ್ನು ಬಿಡಿಸುತ್ತಾ ಕೂತರು. ಆಮೇಲೆ, ‘ಜುಂಜಣ್ಣನಿಗೆ ನಾನು ಹೇಳಲ್ಲ. ನೀನೇ ಹೋಗಿ ಹೇಳು’ ಅಂದರು.

ಹೋದೆ. ಅವನು ಎತ್ತಿನ ಕಿವಿಯ ಉಣ್ಣೆಹುಳ ಕೀಳುತ್ತಿದ್ದ.

‘ಬೆಂಕಿಗೆ ಹಾಕ್ಬುಟ್ಟೆ ಕಣಣ್ಣ’ ಅಂದೆ.

‘ಎಷ್ಟು?’

‘ಎಲ್ಲಾನೂ.’

ಅವನು ಉಣ್ಣೆ ಕೀಳುವುದನ್ನು ನಿಲ್ಲಿಸಲಿಲ್ಲ. ಆ ಕಿವಿ ಮುಗಿಸಿ ಇನ್ನೊಂದು ಕಿವಿಗೆ ಹೋದ. ಅದೂ ಮುಗಿದ ಮೇಲೆ ಕೇಳಿದ, ‘ಬೂದಿ ಐತಾ?’

ಬೂದಿಯೂ ಸರಿಯಾಗಿ ಇರಲಿಲ್ಲ. ಅರ್ಧ ಗೌರಜ್ಜಿಯ ಪಾತ್ರೆ ಬೆಳಗುವುದಕ್ಕೆ ಹೋಗಿತ್ತು, ಇನ್ನಷ್ಟನ್ನು ಬದನೆಗಿಡಕ್ಕೆ ಎರಚಿದ್ದರು. ಉಳಿದದ್ದನ್ನು ಒಲೆಯಿಂದ ಬಳಿದು ಚೊಂಬಿಗೆ ತುಂಬಿ, ಹಟ್ಟಿಯ ಹಿರಿಯರು ಹೇಳಿದಂತೆ ಬರಿಗಾಲಲ್ಲಿ ಕಾವಲಿಗೆ ಹೊತ್ತುಕೊಂಡು ಹೋದೆ. ಹಂಚಿಹುಲ್ಲಿನ ಮುಳ್ಳು ಒಂದೊಂದೂ ನನ್ನ ವಿಳಾಸ ಕೇಳಿಕೊಂಡು ಬಂದು ಚುಚ್ಚಿತು. ಗುಂಡಿಗೆ ಬೂದಿ ಸುರಿದೆ. ಗಾಳಿಗೆ ಸ್ವಲ್ಪ ನನ್ನ ಮುಖಕ್ಕೇ ಬಂತು. ಯಾರೂ ನಗಲಿಲ್ಲ, ನಾನೂ ನಗಿಸಲಿಲ್ಲ. ಆ ಇಡೀ ವರ್ಷದಲ್ಲಿ ನಾನು ಸರಿಯಾಗಿ ನಡೆದುಕೊಂಡದ್ದು ಅದೊಂದೇ ಹೊತ್ತು ಅನ್ನಿಸುತ್ತದೆ.

ಇನ್ನೊಂದು ಸಲ ಅಗೆಯೋಣವೇ ಅಂತ ಮೇಡಂ ಕೇಳಿದ್ದಕ್ಕೆ ಜುಂಜಣ್ಣ ಅಡ್ಡಡ್ಡ ತಲೆಯಾಡಿಸಿದ. ‘ಒಂದ್ಸಲ ನಾನು ದೇವ್ರನ್ನ ಕೇಳ್ಕಂಡೆ, ಕೊಡ್ತು. ಇನ್ನೊಂದ್ಸಲ ಯಾವ ಮುಖ ಹೊತ್ಕಂಡು ಕೇಳ್ಲಿ? ಬೇಡ ಬುಡ್ರವ್ವಾ. ಸಭೇಲಿ ನೀವೂ ಹೇಳಿ, ನಾನೂ ಹೇಳ್ತೀನಿ. ಬಾಯಿ ಐತಲ್ಲ.’

ಶಿರಾಕ್ಕೆ ಹೋಗುವ ಬಸ್ಸಿನಲ್ಲಿ ಅವನು ನನ್ನ ಪಕ್ಕದಲ್ಲೇ ಕೂತಿದ್ದ. ತಾವರೆಕೆರೆ ದಾಟುವವರೆಗೂ ತುಟಿ ಅಲ್ಲಾಡಿಸುತ್ತಾ ಏನೋ ಜೋಡಿಸಿಕೊಳ್ಳುತ್ತಿದ್ದ. ‘ಸ್ವಾಮಿ ಅಂತ ಮೊದ್ಲು ಅನ್ಬೇಕಾ, ಕೊನೇಗೆ ಅನ್ಬೇಕಾ?’ ಅಂತ ಕೇಳಿದ. ‘ಎರಡೂ ಕಡೆ ಅನ್ನು, ಮಧ್ಯದಲ್ಲಿ ಬೇಕಾದ್ದು ಬೈಯಿ’ ಅಂದೆ. ಅವನು ನನ್ನ ಕಡೆ ತಿರುಗದೆ ಮತ್ತೆ ತುಟಿ ಅಲ್ಲಾಡಿಸತೊಡಗಿದ.

ಸಭೆ ಒಂದು ಹಳೆಯ ಬಂಗಲೆಯ ಜಗಲಿಯಲ್ಲಿ. ಯೋಜನೆಯ ದೊಡ್ಡ ಸಾಹೇಬರು ಕೆಟ್ಟವರೇನಲ್ಲ. ಬರಗಾಲದ ಸೀಮೆಗೆ ನೆರಳು, ಸೌದೆ ಆಗಲಿ ಅನ್ನುವ ಮನಸ್ಸಿನವರೇ. ಬೆಳಗಿನಿಂದ ಹತ್ತೂರಿನ ತಕರಾರು ಕೇಳಿ ಸುಸ್ತಾಗಿದ್ದರು. ಮೇಡಂ ಕಾವಲಿನ ಮಾತು ಎತ್ತಿದ ಕೂಡಲೇ, ‘ಬೇರು ತಂದು ತೋರಿಸ್ತೀನಿ ಅಂದಿದ್ರಲ್ಲ, ಎಲ್ಲಿ?’ ಅಂದರು.

‘ಆಕಸ್ಮಿಕವಾಗಿ ಸುಟ್ಟುಹೋದವು.’

‘ಸುಟ್ಟುಹೋದ್ವಾ? ಹೇಗೆ?’

ಮೇಡಂ ನನ್ನ ಕಡೆ ನೋಡಿದರು. ಎದ್ದು ನಿಂತೆ. ‘ತಪ್ಪು ನನ್ನದು’ ಅಂತ ಹೇಳಿ ಕೂತಿದ್ದರೆ ಮುಗಿಯುತ್ತಿತ್ತು. ಆದರೆ ಎದುರಿಗೆ ಸಾಲಾಗಿ ಬೇಸರದ ಮುಖಗಳು, ನಮ್ಮಪ್ಪನ ಅಂಗಡಿಗೆ ಬಂದ ಗಿರಾಕಿಗಳಂಥವು. ಹೆದರಿದಾಗ ನನಗೆ ಗೊತ್ತಿರುವುದು ಒಂದೇ ವಿದ್ಯೆ.

‘ಸಾರ್, ನರಕಾಸುರನ್ನ ಕೊಂದ ದಿನ’ ಅಂತ ಶುರು ಮಾಡಿದೆ. ಯಾರೋ ಒಬ್ಬರು ನಕ್ಕರು. ಅಲ್ಲಿಂದ ನನ್ನನ್ನು ಹಿಡಿಯುವವರಿಲ್ಲ. ಗೌರಜ್ಜಿಯ ಕೆಮ್ಮು ಮಾಡಿ ತೋರಿಸಿದೆ, ಕೂಸು, ಕೂಸಿನ ಅಪ್ಪ, ಯಜ್ಞ. ಆಗದೆ ಇದ್ದದ್ದನ್ನೂ ಸೇರಿಸಿದೆ: ಆ ನೀರು ಬಿದ್ದು ಅಜ್ಜಿಯ ಬಿಳಿ ಕೂದಲು ಕಪ್ಪಾಯಿತು, ಬೀದಿಯ ನಾಯಿಯೂ ಟವಲ್ಲು ತಂದು ಕ್ಯೂ ನಿಂತಿತು ಅಂದೆ. ಜಗಲಿ ಅದುರುವ ಹಾಗೆ ನಗು. ಒಬ್ಬರ ಚಹಾ ಚೆಲ್ಲಿತು. ಸಾಹೇಬರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

‘ನೋಡಿ ಮೇಡಂ, ಸೌದೆ ಇಲ್ದೆ ಜನ ಹುಲ್ಲಿನ ಬೇರು ಸುಡ್ತಿದ್ದಾರೆ. ಅದಕ್ಕೇ ನಾವು ಮರ ನೆಡಬೇಕು ಅನ್ನೋದು!’

ಮತ್ತೆ ನಗು. ಮೇಡಂ ಮಣ್ಣು, ಇಂಗಾಲ, ನೆಲ ಉತ್ತರೆ ಅದು ಗಾಳಿಗೆ ಹೊರಬೀಳುವುದು ಅಂತ ಹೇಳುತ್ತಲೇ ಇದ್ದರು. ನಗು ಆರಿದ ಮೇಲೆ ಉಳಿದ ಗುಜುಗುಜಿನಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. ‘ಊರಿನವರು ಯಾರಾದರೂ ಹೇಳೋದಿದೆಯಾ?’ ಅಂತ ಸಾಹೇಬರು ನಿಜವಾಗಿಯೂ ಕೇಳಿದರು. ನಾನು ಹಿಂದಕ್ಕೆ ತಿರುಗಿದೆ. ಜುಂಜಣ್ಣ ತಲೆ ಬಗ್ಗಿಸಿ ಕೂತಿದ್ದ. ಏಳಲಿಲ್ಲ. ಮೇಡಂ ‘ಜುಂಜಣ್ಣಾ’ ಅಂದರು. ಆಗಲೂ ಏಳಲಿಲ್ಲ. ಸಾಹೇಬರು ಸ್ವಲ್ಪ ಹೊತ್ತು ಕಾದು, ಮುಂದಿನ ಊರಿನ ಹೆಸರು ಕರೆದರು.

ಹಳ್ಳದ ಕಡೆಯ ಅರ್ಧ ಕಾವಲು, ಹುಲ್ಲು ಚೆನ್ನಾಗಿ ಬರುತ್ತಿದ್ದ ಅರ್ಧ, ನೀಲಗಿರಿಗೆ ಅಂತ ಆಯಿತು.

ಮುಂಗಾರಿನ ಮೊದಲ ಹದಕ್ಕೆ ಟ್ರಾಕ್ಟರು ಬಂತು. ನಾನು ಹೋಗಿದ್ದೆ, ಹೋಗದೆ ಇರುವುದಕ್ಕೆ ಧೈರ್ಯ ಸಾಲಲಿಲ್ಲ. ನೇಗಿಲು ಹೋದ ಕಡೆಯೆಲ್ಲ ಹೆಂಟೆಗಳು ಮಗುಚಿ ಬಿದ್ದು, ಅವುಗಳಿಂದ ಬೇರು ಮೇಲ್ಮುಖವಾಗಿ ಬಿಸಿಲಿಗೆ ನಿಂತಿದ್ದವು. ನಾವು ಗುಂಡಿ ತೋಡಿ, ಗೋಣಿಯಲ್ಲಿ ಹೊತ್ತು, ಜರಡಿ ಹಿಡಿದು ತೆಗೆದದ್ದು ಈಗ ಕಣ್ಣು ಹಾಯುವವರೆಗೆ ಹಾಗೇ ಬಿದ್ದಿತ್ತು. ನೋಡುವುದಕ್ಕೆ ಸಾಹೇಬರು ಯಾರೂ ಇರಲಿಲ್ಲ. ನಾನು ಸುಟ್ಟದ್ದು ಒಂದು ಬೀದಿಯ ಹಂಡೆಗಳಷ್ಟು. ಇದು ಬೆಂಕಿಯಿಲ್ಲದೆ, ಹೊಗೆಯಿಲ್ಲದೆ ಉರಿದು ಗಾಳಿಗೆ ಹೋಗುತ್ತಿತ್ತು. ಎತ್ತುಗಳು ಉತ್ತ ನೆಲದ ಅಂಚಿಗೆ ಬಂದು ನಿಂತಿದ್ದವು. ಮಣ್ಣು ಮೂಸಿದವು, ಕಾಲಿಡಲಿಲ್ಲ.

ಜುಂಜಣ್ಣ ಅವುಗಳ ಹಿಂದೆ, ನನ್ನಿಂದ ಒಂದು ಮಾರು ದೂರದಲ್ಲಿ ನಿಂತಿದ್ದ. ನಾನು ಕಾಲಿಗೆ ಬೀಳಲು ಹೋದೆ. ಕೋಲು ಅಡ್ಡ ಹಿಡಿದ.

‘ನಾನು ಅವ್ರನ್ನ ನಗಿಸಬಾರದಾಗಿತ್ತು ಕಣಣ್ಣ’ ಅಂದೆ.

ಅವನು ಕೋಲು ಕೆಳಗಿಳಿಸಿ, ಟ್ರಾಕ್ಟರು ದೂರದ ಅಂಚಿಗೆ ಹೋಗಿ ತಿರುಗುವುದನ್ನು ನೋಡಿದ.

‘ಹಟ್ಟಿಯೋರೆಲ್ಲ ನಿನ್ನ ಬೈತಾರೆ. ನಾನು ಬೈಯಾಕಿಲ್ಲ’ ಅಂದ. ‘ಅವತ್ತು ಆ ನಾಯಿ ಕತೆ ಹೇಳ್ದೆ ನೋಡು, ನಂಗೂ ನಗು ಬಂದ್ಬುಡ್ತು ಕಣ್ಲಾ ಸಿವ್ಲಿಂಗ. ಕಂಬಳಿ ಬಾಯಿಗೆ ತುರ್ಕಂಡು ನಕ್ಕೆ, ಯಾರೂ ನೋಡ್ಲಿಲ್ಲ. ಬಸ್ಸಾಗೆಲ್ಲ ಮಾತು ಜೋಡಿಸ್ಕಂಡು ಬಂದೋನು ನಾನು. ಆ ಸಾಹೇಬ್ರು ಕೇಳಿದಾಗ ಏಳಾನಾ ಅಂದ್ರೆ, ಬಾಯಾಗೆ ಇನ್ನೂ ನಗುನೇ ಇತ್ತು. ನಗ್ತಾ ಎದ್ದು ಈ ಎತ್ತುಗಳ ಮಾತು ಹೆಂಗ್ಲಾ ಆಡ್ಲಿ? ಅದ್ಕೇ ಕುಂತ್ಕಬುಟ್ಟೆ.’